ಶಿಸ್ತು, ಉಪೇಕ್ಷೆ, ಅಪರಾಧ: ಮಲೆನಾಡಿನ ನೆರೆಹೊರೆಯವರಿಗೊಂದು ಮಾರ್ಗದರ್ಶಿ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮನೆಗಳು ಬೀದಿಯುದ್ದಕ್ಕೆ ಸಾಲಾಗಿ ಇರುವುದಿಲ್ಲ. ತೋಟಕ್ಕೊಂದು ಮನೆ, ಗುಡ್ಡದ ಮಗ್ಗುಲಿಗೊಂದು ಮನೆ. ಒಂದು ಮನೆಯ ಕೂಗು ಇನ್ನೊಂದು ಮನೆಗೆ ಕೇಳಬೇಕಾದರೆ ಮಳೆ ನಿಂತಿರಬೇಕು, ಗಾಳಿಯೂ ಈ ಕಡೆಗೇ ಬೀಸುತ್ತಿರಬೇಕು. ಹೀಗಾಗಿ ಮಗುವಿಗೆ ಮನೆಯೊಳಗೆ ಏನಾಗುತ್ತಿದೆ ಎಂಬುದು ಇಲ್ಲಿ ಕಿವಿಗೆ ಬೀಳುವುದಕ್ಕಿಂತ ಹೆಚ್ಚಾಗಿ ಮರುದಿನ ಕಣ್ಣಿಗೆ ಬೀಳುತ್ತದೆ: ಅಂಗನವಾಡಿ ಕಾರ್ಯಕರ್ತೆ ಮಗುವಿನ ತೋಳಿನ ಮೇಲಿನ ಬಾಸುಂಡೆ ನೋಡುತ್ತಾರೆ, ಬಿಸಿಯೂಟದ ಅಡುಗೆಯವರು ಮೂರನೆಯ ಸಲ ಅನ್ನಕ್ಕೆ ತಟ್ಟೆ ಚಾಚುವ ಹುಡುಗನನ್ನು ಗಮನಿಸುತ್ತಾರೆ, ಆಶಾ ಕಾರ್ಯಕರ್ತೆ ಹಗಲಿಡೀ ಒಬ್ಬಂಟಿಯಾಗಿರುವ ಕೂಸನ್ನು ಕಾಣುತ್ತಾರೆ. ಕಂಡವರೆಲ್ಲರ ಮನಸ್ಸಿನಲ್ಲೂ ಏಳುವ ಪ್ರಶ್ನೆ ಒಂದೇ: ಇದು ಆ ಮನೆಯವರ ಶಿಸ್ತೋ, ನಾವು ಬಾಯಿ ಬಿಡಬೇಕಾದ ಸಂಗತಿಯೋ? ಈ ಬರಹ ಅಂಥವರಿಗಾಗಿ. ಜೊತೆಗೆ, ತಮ್ಮ ಕೈ ತಮಗೇ ಹಿಡಿತ ತಪ್ಪುತ್ತಿದೆ ಎಂದು ಅನ್ನಿಸಿರುವ ತಂದೆತಾಯಿಗಳಿಗಾಗಿ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಹೊಡೆದವರ ಸಿಟ್ಟು ನ್ಯಾಯವಾದದ್ದೇ, ಹೊಡೆದದ್ದು ಕೈಯಿಂದಲೋ ಕೋಲಿನಿಂದಲೋ ಎಂದು ದೊಡ್ಡವರ ಕಡೆಯಿಂದ ಅಳೆಯುತ್ತಾ ಹೋದರೆ ಗೆರೆ ಎಲ್ಲಿದೆ ಎಂಬುದು ಎಂದಿಗೂ ಕಾಣುವುದಿಲ್ಲ. ಮಗುವಿನ ಮೈಗೆ, ಹೊಟ್ಟೆಗೆ, ನಿದ್ದೆಗೆ, ಓದಿಗೆ ಏನಾಯಿತು ಎಂಬುದನ್ನು ಮೊದಲು ನೋಡಬೇಕು. ಅದನ್ನು ತಪ್ಪಿಸುವ ದಾರಿ ದೊಡ್ಡವರಿಗೆ ಇತ್ತೇ ಎಂಬುದನ್ನು ಎರಡನೆಯದಾಗಿ ನೋಡಬೇಕು. ಈ ಕ್ರಮ ತಪ್ಪಿದರೆ ಬಡವರ ಲೈನ್ ಮನೆಗೆ (ತೋಟದ ಕೂಲಿಗಳ ಸಾಲುಮನೆಗೆ) ಪೊಲೀಸರು ಹೋಗುತ್ತಾರೆ, ನಾಡಹೆಂಚಿನ ದೊಡ್ಡ ಮನೆಯೊಳಗೆ ನಡೆಯುವುದು ಮರ್ಯಾದೆಯ ಹೆಸರಿನಲ್ಲಿ ಮುಚ್ಚಿಹೋಗುತ್ತದೆ.

ಮೊದಲು ಕಾನೂನನ್ನು ತಿಳಿದುಕೊಳ್ಳಿ

ಹೆತ್ತವರು ಮನೆಯಲ್ಲಿ ಮಗುವಿನ ಮೇಲೆ ಕೈ ಎತ್ತುವುದನ್ನು ಹೆಸರಿಟ್ಟು ನಿಷೇಧಿಸುವ ಪ್ರತ್ಯೇಕ ಕಾಯ್ದೆ ನಮ್ಮ ದೇಶದಲ್ಲಿ ಇಲ್ಲ. ಶಾಲೆಯ ಮಟ್ಟಿಗೆ ಇದೆ: 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಅಪ್ಪಂದಿರು ಮೇಷ್ಟ್ರ ಬಳಿಗೆ ಹೋಗಿ ‘ನಾಲ್ಕು ಬಾರಿಸಿ ಸಾರ್, ನಾವೇನೂ ಕೇಳೋದಿಲ್ಲ’ ಎಂದು ಕೊಟ್ಟುಬರುವ ಅನುಮತಿಗೆ ಆ ಕಲಮಿನ ಮುಂದೆ ಯಾವ ಬೆಲೆಯೂ ಇಲ್ಲ. ಮನೆಯ ಬಗ್ಗೆ ಇಷ್ಟು ನೇರವಾದ ನಿಷೇಧ ಇಲ್ಲದಿರುವುದನ್ನೇ ಪರವಾನಗಿ ಎಂದು ತಿಳಿದವರು ಬಹಳ. ಅದು ತಪ್ಪು ತಿಳಿವಳಿಕೆ.

ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ, 2015, ಜಾರಿಗೆ ಬಂದದ್ದು 2016ರ ಜನವರಿ 15ರಂದು. ಅದರ 75ನೇ ಕಲಂ ಈ ವಿಷಯದ ಬೆನ್ನೆಲುಬು. ಮಗುವನ್ನು ತನ್ನ ವಶದಲ್ಲಿ ಅಥವಾ ಹತೋಟಿಯಲ್ಲಿ ಇಟ್ಟುಕೊಂಡಿರುವ ಯಾರೇ ಆಗಲಿ, ಮಗುವಿಗೆ ಅನಗತ್ಯವಾದ ದೈಹಿಕ ಅಥವಾ ಮಾನಸಿಕ ಯಾತನೆ ಆಗಬಹುದಾದ ರೀತಿಯಲ್ಲಿ ಹೊಡೆದರೆ, ತೊರೆದರೆ, ದೌರ್ಜನ್ಯ ನಡೆಸಿದರೆ, ಅಪಾಯಕ್ಕೆ ಒಡ್ಡಿದರೆ ಅಥವಾ ಬೇಕೆಂದೇ ಉಪೇಕ್ಷಿಸಿದರೆ, 3 ವರ್ಷದವರೆಗೆ ಸೆರೆವಾಸ, ಇಲ್ಲವೇ 1 ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡೂ. ಆ ಕ್ರೌರ್ಯದಿಂದ ಮಗುವಿನ ಅಂಗ ಊನವಾದರೆ, ಮಾನಸಿಕ ಕಾಯಿಲೆ ಹುಟ್ಟಿಕೊಂಡರೆ, ಪ್ರಾಣಕ್ಕೋ ಅಂಗಕ್ಕೋ ಅಪಾಯ ಬಂದರೆ ಶಿಕ್ಷೆ 3 ವರ್ಷಕ್ಕೆ ಕಡಿಮೆಯಿಲ್ಲದಂತೆ 10 ವರ್ಷದವರೆಗೆ ಏರುತ್ತದೆ. ಮಗು ಎಂದರೆ ಇಲ್ಲಿ 18 ತುಂಬದವರು. ಪಿಯುಸಿ ಓದುತ್ತಿರುವ ಮಗಳೂ ಮಗುವೇ.

‘ಯಾರೇ ಆಗಲಿ’ ಎಂಬ ಮಾತಿಗೆ ನಮ್ಮ ಕಡೆ ವಿಶೇಷ ತೂಕವಿದೆ. ಹಳ್ಳಿಯಲ್ಲಿ ಹೈಸ್ಕೂಲು ಇಲ್ಲವೆಂದು ಮಕ್ಕಳನ್ನು ತೀರ್ಥಹಳ್ಳಿಯ ಚಿಕ್ಕಪ್ಪನ ಮನೆಯಲ್ಲೋ ಶಿವಮೊಗ್ಗದ ಅತ್ತೆಯ ಮನೆಯಲ್ಲೋ ಇಟ್ಟು ಓದಿಸುವುದು ಮಲೆನಾಡಿನ ಹಳೆಯ ಪದ್ಧತಿ. ಅನೇಕರ ಬದುಕು ಅದರಿಂದಲೇ ಮೇಲೆ ಬಂದಿದೆ. ಆದರೆ ಅದೇ ಏರ್ಪಾಡಿನಲ್ಲಿ, ಓದಿಸುತ್ತೇವೆಂದು ಕರೆದುಕೊಂಡು ಹೋದ ಹುಡುಗಿ ಐದಕ್ಕೆ ಎದ್ದು ಪಾತ್ರೆ ತೊಳೆದು, ಶಾಲೆಗೆ ವಾರದಲ್ಲಿ ಮೂರು ದಿನ ಹೋಗಿ, ಮಿಕ್ಕ ದಿನ ಆ ಮನೆಯ ಕೂಸನ್ನು ನೋಡಿಕೊಳ್ಳುತ್ತಾ ಇರುವುದೂ ಉಂಟು. ಹೆತ್ತವರಲ್ಲ ಎಂಬ ಕಾರಣಕ್ಕೆ ಆ ಮನೆಯವರು 75ನೇ ಕಲಮಿನಿಂದ ಹೊರಗೆ ಉಳಿಯುವುದಿಲ್ಲ. ಮಗು ಯಾರ ವಶದಲ್ಲಿದೆಯೋ ಅವರೇ ಹೊಣೆಗಾರರು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ ಇದರ ಪಕ್ಕದಲ್ಲೇ ನಿಲ್ಲುತ್ತದೆ. ಗಾಯಪಡಿಸುವುದು (115ನೇ ಕಲಂ), ತೀವ್ರ ಗಾಯಪಡಿಸುವುದು (117), ಬೆಂಕಿಯಿಂದ ಅಥವಾ ಕಾಯಿಸಿದ ವಸ್ತುವಿನಿಂದ ಗಾಯಪಡಿಸುವುದು (118), ಅಕ್ರಮವಾಗಿ ಕೂಡಿಹಾಕುವುದು (127) ಇವುಗಳಲ್ಲಿ ಯಾವುದೂ ‘ತಂದೆತಾಯಿಗೆ ಅನ್ವಯಿಸುವುದಿಲ್ಲ’ ಎಂದು ಬರೆದಿಲ್ಲ. ಮೂಳೆಯೋ ಹಲ್ಲೋ ಮುರಿದರೆ, 15 ದಿನ ತೀವ್ರ ನೋವಿನಲ್ಲಿ ನರಳುವಂತಾದರೆ ಅದು ತೀವ್ರ ಗಾಯ. 12 ವರ್ಷ ತುಂಬದ ಮಗುವನ್ನು ಪೂರ್ತಿಯಾಗಿ ತೊರೆಯುವ ಉದ್ದೇಶದಿಂದ ಎಲ್ಲಾದರೂ ಬಿಟ್ಟುಹೋಗುವುದು 93ನೇ ಕಲಮಿನ ಪ್ರಕಾರ 7 ವರ್ಷದವರೆಗೆ ಸೆರೆವಾಸ ತರಬಲ್ಲ ಅಪರಾಧ.

ಹೆತ್ತವರ ಪರವಾಗಿ ಸಾಮಾನ್ಯವಾಗಿ ಮುಂದೆ ಬರುವುದು ಅದೇ ಸಂಹಿತೆಯ 27ನೇ ಕಲಂ. 12 ವರ್ಷಕ್ಕಿಂತ ಚಿಕ್ಕ ಮಗುವಿನ ಒಳಿತಿಗಾಗಿ, ಸದ್ಭಾವನೆಯಿಂದ ಪೋಷಕರು ಮಾಡಿದ ಕೆಲಸದಿಂದ ಹಾನಿಯಾದರೂ ಅದು ಅಪರಾಧವಲ್ಲ ಎಂದು ಅದು ಹೇಳುತ್ತದೆ. ಆದರೆ ಆ ರಕ್ಷಣೆಗೆ ಬೇಲಿ ಇದೆ: ಪ್ರಾಣ ಉಳಿಸಲು ಅಥವಾ ಕಾಯಿಲೆ ವಾಸಿಮಾಡಲು ಅಲ್ಲದೆ ತೀವ್ರ ಗಾಯ ಮಾಡಿದರೆ ಅದು ಸಿಗುವುದಿಲ್ಲ. ಸದ್ಭಾವನೆ ಎಂದರೆ ಎಚ್ಚರದಿಂದ ನಡೆದುಕೊಳ್ಳುವುದೂ ಸೇರುತ್ತದೆ; ಕುಡಿದು ಬಂದು ಬಾರಿಸಿ, ಬೆಳಿಗ್ಗೆ ‘ಅವನ ಒಳ್ಳೇದಕ್ಕೇ ಹೊಡೆದೆ’ ಎನ್ನುವುದು ಸದ್ಭಾವನೆಯಾಗುವುದಿಲ್ಲ.

ಏಟನ್ನು ತೂಗುವುದು ಹೇಗೆ

ಗದರುವುದು, ಆಟಕ್ಕೆ ಬಿಡದಿರುವುದು, ಮೊಬೈಲ್ ಕಿತ್ತಿಡುವುದು, ಚೆಲ್ಲಿದ್ದನ್ನು ಅವನ ಕೈಯಿಂದಲೇ ಒರೆಸಿಸುವುದು ಇವೆಲ್ಲ ಶಿಸ್ತು. ಇವುಗಳ ಬಗ್ಗೆ ಹೊರಗಿನವರು ಮಾತಾಡಬೇಕಾದದ್ದು ಏನೂ ಇಲ್ಲ. ಬೆನ್ನಿಗೊಂದು ಸಣ್ಣ ಗುದ್ದು ಕೊಟ್ಟ ತಾಯಿಯ ಮೇಲೆ ಯಾರೂ ಮೊಕದ್ದಮೆ ಹೂಡುವುದಿಲ್ಲ, ಹೂಡಲೂಬಾರದು. ಅದು ಒಳ್ಳೆಯ ಪದ್ಧತಿ ಎಂದು ನಾನು ಹೇಳುತ್ತಿಲ್ಲ. ಅದನ್ನು ತಿದ್ದುವ ಜಾಗ ಕೋರ್ಟು ಅಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಅಲ್ಲಿಂದ ಮುಂದಕ್ಕೆ ಹೋದಾಗ ಗಮನಿಸಬೇಕಾದದ್ದು ಮಗುವಿನ ವಯಸ್ಸು. ಎರಡು ವರ್ಷದೊಳಗಿನ ಕೂಸಿಗೆ ಹೊಡೆಯುವುದರಲ್ಲಿ ಶಿಸ್ತು ಎಂಬುದೇ ಇಲ್ಲ, ಯಾಕೆ ಏಟು ಬಿತ್ತೆಂದು ಅದಕ್ಕೆ ತಿಳಿಯುವುದಿಲ್ಲ. ಅಳು ನಿಲ್ಲಿಸಲು ಕೂಸನ್ನು ಹಿಡಿದು ಜೋರಾಗಿ ಅಲುಗಾಡಿಸಿದರೆ ಹೊರಗೆ ಒಂದು ಗುರುತೂ ಕಾಣದೆ ಮಿದುಳಿನಲ್ಲಿ ರಕ್ತಸ್ರಾವ ಆಗಬಹುದು. ಆಮೇಲೆ ಏಟು ಬಿದ್ದ ಜಾಗ: ತಲೆ, ಕಿವಿ, ಮುಖ, ಹೊಟ್ಟೆ ಇವುಗಳ ಮೇಲೆ ಬಿದ್ದ ಏಟನ್ನು ಸಣ್ಣದೆಂದು ತಿಳಿಯಬಾರದು. ಆಡುವಾಗ ಬಿದ್ದ ಮಗುವಿಗೆ ಮೊಣಕಾಲು, ಮೊಣಕೈ, ಹಣೆ ತರಚುತ್ತವೆ. ತೊಡೆಯ ಹಿಂಭಾಗ, ಬೆನ್ನು, ಮೇಲುತೋಳಿನ ಒಳಭಾಗದಲ್ಲಿ ಉದ್ದುದ್ದಕ್ಕೆ ಬಾಸುಂಡೆ ಎದ್ದಿದ್ದರೆ ಅದು ಬಿದ್ದದ್ದಲ್ಲ, ಬಡಿದದ್ದು. ಒಂದು ಹಳೆಯ ಕಲೆ, ಒಂದು ಹಸಿರುಗಟ್ಟಿದ್ದು, ಒಂದು ಇನ್ನೂ ಕೆಂಪಗಿರುವುದು ಹೀಗೆ ಬೇರೆ ಬೇರೆ ಕಾಲದ ಗುರುತುಗಳು ಒಂದೇ ಮೈಮೇಲೆ ಕಂಡರೆ ಅದು ಒಂದು ದಿನದ ಸಿಟ್ಟಲ್ಲ.

ಕೆಲವು ಶಿಕ್ಷೆಗಳನ್ನು ಹೆಸರಿಟ್ಟೇ ಹೇಳಬೇಕು, ಯಾಕೆಂದರೆ ಅವುಗಳನ್ನು ‘ನಮ್ಮ ಕಾಲದಲ್ಲಿ ಎಲ್ಲರಿಗೂ ಮಾಡುತ್ತಿದ್ದರು’ ಎಂದು ನಗುತ್ತಾ ನೆನೆಯುವವರು ಇನ್ನೂ ಇದ್ದಾರೆ. ಒಣಮೆಣಸಿನಕಾಯಿ ಸುಟ್ಟು ಹೊಗೆ ಹಾಕುವುದು, ಕಣ್ಣಿಗೆ ಖಾರ ಹಚ್ಚುವುದು, ಸೌಟೋ ಕಬ್ಬಿಣವೋ ಕಾಯಿಸಿ ಬರೆ ಎಳೆಯುವುದು, ಮೈಗೆ ತುರಚೆ ಸೊಪ್ಪು ಉಜ್ಜುವುದು, ಅಟ್ಟದ ಮೇಲೆ ಕತ್ತಲಲ್ಲಿ ಕೂಡಿಹಾಕುವುದು, ಜಡಿಮಳೆಯಲ್ಲಿ ಅಂಗಳದಲ್ಲಿ ನಿಲ್ಲಿಸುವುದು, ಬಟ್ಟೆ ಬಿಚ್ಚಿಸಿ ನಿಲ್ಲಿಸುವುದು. ಇವುಗಳಲ್ಲಿ ಒಂದಕ್ಕೂ ‘ಒಂದೇ ಸಲ ಮಾಡಿದ್ದು’ ಎಂಬ ರಿಯಾಯಿತಿ ಇಲ್ಲ. ಯಾತನೆ ಕೊಡುವುದೇ ಇವುಗಳ ಉದ್ದೇಶ, ಆದ್ದರಿಂದ 75ನೇ ಕಲಮಿನ ‘ಅನಗತ್ಯ ಯಾತನೆ’ ಎಂಬ ಮಾತಿಗೆ ಇವು ನೇರವಾಗಿ ಬಂದು ಕೂರುತ್ತವೆ. ಬರೆ ಎಳೆದದ್ದು 118ನೇ ಕಲಮಿಗೂ ಹೋಗುತ್ತದೆ.

ಮಾತಿನ ಏಟು ಕಷ್ಟದ ಪ್ರಶ್ನೆ. ‘ನೀನು ಹುಟ್ಟದೇ ಇದ್ದಿದ್ದರೆ ಚೆನ್ನಾಗಿತ್ತು’ ಎಂದು ಒಮ್ಮೆ ಬಾಯಿತಪ್ಪಿ ಬಂದದ್ದಕ್ಕೂ, ದಿನಾ ಅದನ್ನೇ ಕೇಳಿ ಕೇಳಿ ಮಗು ಉಣ್ಣುವುದನ್ನು ಬಿಟ್ಟು, ಹಾಸಿಗೆಯಲ್ಲಿ ಮೂತ್ರ ಮಾಡಿಕೊಳ್ಳಲು ಮತ್ತೆ ಶುರುಮಾಡಿದ್ದಕ್ಕೂ ವ್ಯತ್ಯಾಸವಿದೆ. ಕಾಯ್ದೆ ಮಾನಸಿಕ ಯಾತನೆಯನ್ನು ಸ್ಪಷ್ಟವಾಗಿ ಹೆಸರಿಸಿದೆ. ಅದನ್ನು ತೋರಿಸುವುದು ಮಾತ್ರ ಮೈಮೇಲಿನ ಗಾಯದಷ್ಟು ಸುಲಭವಲ್ಲವಾದ್ದರಿಂದ ಶಾಲೆಯ ಶಿಕ್ಷಕರ, ವೈದ್ಯರ ಮಾತು ಇಲ್ಲಿ ಬಹಳ ಮುಖ್ಯವಾಗುತ್ತದೆ.

ಮಾಡದೇ ಬಿಟ್ಟದ್ದನ್ನು ನೋಡುವುದು

ಏಟು ಕಾಣುತ್ತದೆ. ಉಪೇಕ್ಷೆ ಎಂದರೆ ಮಾಡಬೇಕಾದದ್ದನ್ನು ಮಾಡದಿರುವುದು, ಹಾಗಾಗಿ ಅದು ಕಾಣುವುದು ನಿಧಾನ: ಅನ್ನ, ಬಟ್ಟೆ, ಔಷಧಿ, ಶಾಲೆ, ಕಾವಲು. ಇಲ್ಲಿ ಅತ್ಯಂತ ಎಚ್ಚರದಿಂದ ಓದಬೇಕಾದ ಮಾತು ಕಾಯ್ದೆಯಲ್ಲಿರುವ ‘ಬೇಕೆಂದೇ’ ಎಂಬುದು. ಇಲ್ಲದ್ದನ್ನು ಕೊಡಲಾಗದಿರುವುದು ಅಪರಾಧವಲ್ಲ. ಇದ್ದೂ ಕೊಡದಿರುವುದು, ತಿಳಿದೂ ಕಣ್ಣುಮುಚ್ಚುವುದು ಅಪರಾಧ. ಹೆತ್ತವರು ತಮ್ಮ ಕೈಮೀರಿದ ಕಾರಣಕ್ಕೆ ಮಗುವನ್ನು ತೊರೆದಿದ್ದರೆ ಅದನ್ನು ಬೇಕೆಂದೇ ಮಾಡಿದ್ದೆಂದು ಭಾವಿಸಬಾರದು ಎಂದು 75ನೇ ಕಲಮೇ ಹೇಳುತ್ತದೆ.

ಕಾಫಿ ತೋಟದ ಲೈನ್ ಮನೆಯೊಂದನ್ನು ಊಹಿಸಿಕೊಳ್ಳಿ. ಗಂಡ ಹೆಂಡತಿ ಇಬ್ಬರೂ ಹಣ್ಣು ಕೊಯ್ಯಲು ಹೋಗಿದ್ದಾರೆ. ಎಂಟು ವರ್ಷದ ಅಕ್ಕನ ಸೊಂಟದ ಮೇಲೆ ಒಂದು ವರ್ಷದ ತಮ್ಮ. ಅಕ್ಕ ಶಾಲೆಗೆ ಹೋಗುತ್ತಿಲ್ಲ. ಇದು ಮಕ್ಕಳಿಗೆ ರಕ್ಷಣೆ ಬೇಕಾದ ಪರಿಸ್ಥಿತಿ ಹೌದು, ಆದರೆ ತಾಯಿಯನ್ನು ಆರೋಪಿಯಾಗಿ ನಿಲ್ಲಿಸಬೇಕಾದ ಪರಿಸ್ಥಿತಿ ಅಲ್ಲ. ಇಲ್ಲಿ ಬೇಕಾಗಿರುವುದು ಅಂಗನವಾಡಿ, ಹತ್ತಿರದ ಗ್ರಾಮ ಪಂಚಾಯಿತಿಯಲ್ಲಿ ಕೂಲಿಗೆ ಹೋಗುವವರ ಕೂಸುಗಳನ್ನು ನೋಡಿಕೊಳ್ಳುವ ‘ಕೂಸಿನ ಮನೆ’ ಇದ್ದರೆ ಅಲ್ಲೊಂದು ಜಾಗ, ಶಾಲೆಗೆ ಸೇರಿಸಲು ಒಬ್ಬ ಶಿಕ್ಷಕರ ಓಡಾಟ. ಇಷ್ಟೆಲ್ಲ ಒದಗಿಸಿಕೊಟ್ಟ ಮೇಲೂ ‘ಅವಳು ಮನೇಲಿದ್ರೆ ಕೆಲಸಕ್ಕಾಗ್ತಾಳೆ’ ಎಂದು ಶಾಲೆ ಬಿಡಿಸಿದರೆ ಪ್ರಶ್ನೆ ಬೇರೆಯಾಗುತ್ತದೆ.

ಇದಕ್ಕಿಂತ ಕಠಿಣವಾದದ್ದು ಇನ್ನೊಂದಿದೆ. ಬುದ್ಧಿಮಾಂದ್ಯ ಮಗುವಿನ ಕಾಲಿಗೆ ಹಗ್ಗ ಕಟ್ಟಿ ಕಂಬಕ್ಕೆ ಬಿಗಿದು ತಾಯಿ ಗದ್ದೆಗೆ ಹೋಗುತ್ತಾಳೆ. ಕಟ್ಟದೆ ಹೋದರೆ ಮಗು ಕಟ್ಟೆಯಿಲ್ಲದ ಬಾವಿಯ ಕಡೆಗೋ ಉಕ್ಕುತ್ತಿರುವ ಹಳ್ಳದ ಕಡೆಗೋ ನಡೆದುಬಿಡುತ್ತದೆ. ನೋಡಿದವರು ಫೋಟೋ ತೆಗೆದು ವಾಟ್ಸ್ಆ್ಯಪ್‌ಗೆ ಹಾಕುತ್ತಾರೆ. ಕಾನೂನಿನ ಕಣ್ಣಿಗೆ ಅದು ಕೂಡಿಹಾಕುವಿಕೆಯಂತೆ ಕಂಡರೂ ಆ ಹಗ್ಗದ ಹಿಂದಿರುವುದು ಕ್ರೌರ್ಯವಲ್ಲ, ಯಾರೂ ಇಲ್ಲದಿರುವಿಕೆ. ಅಂಥ ಮನೆಗೆ ಮೊದಲು ಹೋಗಬೇಕಾದವರು ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು; ಅಂಗವೈಕಲ್ಯದ ಗುರುತಿನ ಚೀಟಿ, ಮಾಸಾಶನ, ಚಿಕಿತ್ಸೆ ಮೊದಲು ಬರಬೇಕು. ಆದರೆ ಹಗ್ಗ ಉಜ್ಜಿ ಕಾಲಿನ ಗಾಯ ಕೀವುಗಟ್ಟಿದೆ, ಮಗು ತನ್ನ ಮಲಮೂತ್ರದಲ್ಲೇ ಬಿದ್ದಿದೆ, ನೆರವು ಮನೆಬಾಗಿಲಿಗೆ ಬಂದರೂ ಮನೆಯವರು ಬೇಡವೆಂದು ಕಳಿಸಿದ್ದಾರೆ ಎಂದಾದರೆ ಅದು ಅಸಹಾಯಕತೆಯ ಮಾತಾಗಿ ಉಳಿಯುವುದಿಲ್ಲ.

ಇನ್ನು ಅಡಿಕೆ ಸುಲಿತದ ಕಾಲ. ಸಂಜೆ ಮನೆಯವರೆಲ್ಲ ಕೂತು ಸುಲಿಯುವಾಗ ಮಗ ಗೋಟು ಆರಿಸುವುದು, ಮಗಳು ಸಿಪ್ಪೆ ತುಂಬುವುದು ತಪ್ಪಲ್ಲ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ 14 ತುಂಬದ ಮಕ್ಕಳನ್ನು ದುಡಿಮೆಗೆ ಹಚ್ಚುವುದನ್ನು ಪೂರ್ತಿ ನಿಷೇಧಿಸಿದರೂ, ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಸ್ವಂತ ಮನೆಯ ಕೆಲಸಕ್ಕೆ ನೆರವಾಗಲು, ಆ ಕೆಲಸ ಅಪಾಯದ್ದಲ್ಲದಿದ್ದರೆ, ಅವಕಾಶ ಇಟ್ಟಿದೆ. ಗೆರೆ ದಾಟುವುದು ಎಲ್ಲೆಂದರೆ, ಹನ್ನೊಂದು ವರ್ಷದವನನ್ನು ಕೂಲಿಗೆ ಬೇರೆಯವರ ಚಪ್ಪರಕ್ಕೆ ಕಳಿಸಿ ಮಧ್ಯರಾತ್ರಿಯವರೆಗೆ ಕತ್ತಿಯ ಮುಂದೆ ಕೂರಿಸಿದಾಗ. ಕೊಳೆ ಔಷಧಿ ಹೊಡೆಯುವ ದಿನ ಮೈಲುತುತ್ತದ ದ್ರಾವಣ ಕಲಸಲು ಹಚ್ಚಿದಾಗ. ಕರೆಂಟ್ ತಂತಿ ಹಾದುಹೋಗಿರುವ ತೋಟದಲ್ಲಿ ದೋಟಿ ಹಿಡಿಸಿದಾಗ.

ಚಿಕಿತ್ಸೆಯ ವಿಷಯದಲ್ಲಿ ಜನ ಹೆಚ್ಚು ಗೊಂದಲಕ್ಕೆ ಬೀಳುತ್ತಾರೆ. ಕೊಳಕುಮಂಡಲ ಕಚ್ಚಿದ ಹುಡುಗನನ್ನು ಮೊದಲು ಮಂತ್ರ ಹಾಕುವವರ ಬಳಿ ಕರೆದೊಯ್ದ ಅಪ್ಪನಲ್ಲಿ ದ್ವೇಷವಿಲ್ಲ, ನಂಬಿಕೆ ಇದೆ. ಆದರೆ ಆಶಾ ಕಾರ್ಯಕರ್ತೆ ಬಂದು ತಿಳಿಹೇಳಿ, 108 ಆಂಬುಲೆನ್ಸ್ ಮನೆಯ ತನಕ ಬಂದು ನಿಂತ ಮೇಲೂ ಮಗುವನ್ನು ಹತ್ತಿಸಲು ಬಿಡದಿದ್ದರೆ, ಆ ಗಳಿಗೆಯಿಂದ ಅದು ತಿಳಿದೂ ಮಾಡಿದ ಉಪೇಕ್ಷೆ. ಡಿಸೆಂಬರಿನಿಂದ ಮೇ ವರೆಗೆ, ಮಂಗನ ಕಾಯಿಲೆಯ ಕಾಲದಲ್ಲಿ, ಕಾಡಿನಂಚಿನ ಊರಿನ ಮಗುವಿನ ವಿಪರೀತ ಜ್ವರವನ್ನು ದಿನಗಟ್ಟಲೆ ಕಷಾಯದಲ್ಲೇ ಕಳೆಯುವುದನ್ನೂ ಇದೇ ಅಳತೆಯಿಂದ ನೋಡಬೇಕು.

ದೊಡ್ಡ ಮನೆಗಳ ಉಪೇಕ್ಷೆಯ ರೂಪ ಬೇರೆ. ಗಣಿತದಲ್ಲಿ ಅಂಕ ಬರಲಿಲ್ಲವೆಂದು ರಾತ್ರಿ ಊಟ ಹಾಕದಿರುವುದು, ಮಲತಾಯಿಯ ಮಾತಿಗೆ ಮೊದಲ ಹೆಂಡತಿಯ ಮಗನನ್ನು ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಮಲಗಿಸುವುದು, ಖಿನ್ನತೆಗೆ ಬಿದ್ದ ಮಗಳಿಗೆ ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ‘ಜನ ಏನಂದಾರು’ ಎಂದು ಕೊಡದಿರುವುದು. ಇವರ ಬಳಿ ಇಲ್ಲವೆನ್ನಲು ಕಾರಣವೇ ಇಲ್ಲವಾದ್ದರಿಂದ ‘ಬೇಕೆಂದೇ’ ಎಂಬುದು ಇಲ್ಲಿ ಬೇಗ ಸಾಬೀತಾಗಬೇಕು. ಆದರೆ ಅಂಗಳ ದಾಟಿ ಒಳಗೆ ಹೋಗಿ ಕೇಳುವ ಧೈರ್ಯ ಯಾರಿಗೂ ಬರುವುದಿಲ್ಲ.

ಮಗುವಿಗೆ ಮದ್ಯ ಅಥವಾ ತಂಬಾಕು ಕೊಡುವುದು ಪ್ರತ್ಯೇಕ ಅಪರಾಧ (ಬಾಲನ್ಯಾಯ ಕಾಯ್ದೆಯ 77ನೇ ಕಲಂ, 7 ವರ್ಷದವರೆಗೆ ಸೆರೆವಾಸ). ಭಿಕ್ಷೆಗೆ ಹಚ್ಚುವುದೂ ಹಾಗೆಯೇ. ಕರ್ನಾಟಕದಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು; ಅದು ಶಿಸ್ತಿನ ಚರ್ಚೆಗೆ ಸೇರುವುದೇ ಇಲ್ಲ.

ಬಾಯಿ ಬಿಡುವ ಮುನ್ನ

ಮಗುವಿನ ಪ್ರಾಣಕ್ಕೆ ಅಪಾಯವಿದೆ, ಮೂಳೆ ಮುರಿದಿದೆ, ಸುಟ್ಟ ಗಾಯವಿದೆ, ಅಥವಾ ಲೈಂಗಿಕ ದೌರ್ಜನ್ಯದ ಅನುಮಾನವಿದೆ ಎಂದಾದರೆ ಈ ಭಾಗವನ್ನು ಬಿಟ್ಟು ನೇರವಾಗಿ ಮುಂದಿನದಕ್ಕೆ ಹೋಗಿ. ಹೆತ್ತವರ ಜೊತೆ ಮಾತಾಡುವ ಪ್ರಯತ್ನವನ್ನೇ ಮಾಡಬೇಡಿ. ಮಾತಾಡಿದ ರಾತ್ರಿಯೇ ಮಗುವಿಗೆ ಇನ್ನಷ್ಟು ಬೀಳಬಹುದು, ಗುರುತುಗಳು ಮಾಯವಾಗಬಹುದು.

ಉಳಿದ ಸಂದರ್ಭಗಳಲ್ಲಿ ಮೊದಲು ಬರೆದಿಟ್ಟುಕೊಳ್ಳಿ: ಯಾವ ದಿನ, ಏನು ಕಂಡಿತು, ಮಗು ತಾನಾಗಿ ಏನು ಹೇಳಿತು, ಅದರದ್ದೇ ಮಾತಿನಲ್ಲಿ. ನಿಮ್ಮ ಊಹೆಯನ್ನು ಅದರಲ್ಲಿ ಬೆರೆಸಬೇಡಿ. ಮಗುವನ್ನು ಕೂರಿಸಿಕೊಂಡು ವಿಚಾರಣೆ ಮಾಡಬೇಡಿ. ‘ಅಪ್ಪ ಹೊಡೆದ್ನಾ?’ ಎಂದು ಉತ್ತರವನ್ನು ಬಾಯಿಗೆ ಹಾಕುವುದಕ್ಕಿಂತ ‘ಏನಾಯ್ತು ಮರಿ?’ ಎಂದು ಕೇಳಿ ಸುಮ್ಮನಾಗುವುದು ಮೇಲು. ‘ಯಾರಿಗೂ ಹೇಳೋದಿಲ್ಲ’ ಎಂದು ಮಾತು ಕೊಡಬೇಡಿ, ಯಾಕೆಂದರೆ ನೀವು ಹೇಳಬೇಕಾಗುತ್ತದೆ. ಮಗುವಿನ ಹೆಸರು, ಫೋಟೋ, ಶಾಲೆ, ಊರು ತಿಳಿಯುವಂತೆ ಗುಂಪುಗಳಿಗೆ ಹಾಕಬೇಡಿ. ಬಾಲನ್ಯಾಯ ಕಾಯ್ದೆಯ 74ನೇ ಕಲಂ ಮಗುವಿನ ಗುರುತನ್ನು ಪ್ರಕಟಿಸುವುದನ್ನು ನಿಷೇಧಿಸುತ್ತದೆ, ಮುರಿದರೆ 6 ತಿಂಗಳವರೆಗೆ ಸೆರೆವಾಸ ಅಥವಾ 2 ಲಕ್ಷದವರೆಗೆ ದಂಡ ಅಥವಾ ಎರಡೂ ಆಗಬಹುದು. ಒಳ್ಳೆಯದು ಮಾಡಲು ಹೋಗಿ ತಾವೇ ಆರೋಪಿಗಳಾಗುವವರು ಹೆಚ್ಚಾಗಿ ಎಡವುವುದು ಇಲ್ಲೇ.

ಹೆತ್ತವರ ಜೊತೆ ಮಾತಾಡುವುದಾದರೆ ಆರೋಪ ಹೊತ್ತುಕೊಂಡು ಹೋಗಬೇಡಿ, ನೆರವು ಹಿಡಿದುಕೊಂಡು ಹೋಗಿ. ಪಕ್ಕದ ಮನೆಯ ಹಿರಿಯ ಹೆಂಗಸು ‘ಏನೇ, ಸುಲಿತ ಮುಗಿಯೋ ತನಕ ಸಂಜೆ ಹೊತ್ತು ಪುಟ್ಟನ್ನ ನಮ್ಮನೇಲಿ ಬಿಡು, ರಾತ್ರಿ ಹೋಗುವಾಗ ಕರ್ಕೊಂಡು ಹೋಗು’ ಎಂದು ಹೇಳುವ ಒಂದು ಮಾತು ಎಷ್ಟೋ ಸಲ ನೋಟೀಸಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಗಂಡಸಿನ ಕೈ ಜೋರಾಗಿದ್ದರೆ ಅವನು ಯಾರ ಮಾತು ಕೇಳುತ್ತಾನೆಂದು ನೋಡಿ: ಅಣ್ಣನೋ, ಸೋದರಮಾವನೋ, ಸೊಸೈಟಿಯ ಹಿರಿಯರೋ. ಆದರೆ ಊರ ಪಂಚಾಯ್ತಿ ಕೂಡಿಸಿ ರಾಜಿ ಮಾಡಿಸುವುದು ಬೇಡ. ಅಲ್ಲಿ ದೊಡ್ಡವರು ಕೈಕುಲುಕಿ ಎದ್ದುಹೋಗುತ್ತಾರೆ, ಮಗು ಅದೇ ಮನೆಗೆ ಮರಳುತ್ತದೆ.

ಯಾರಿಗೆ, ಹೇಗೆ ತಿಳಿಸುವುದು

ಮಕ್ಕಳ ಸಹಾಯವಾಣಿ 1098. ತುರ್ತು ಅಪಾಯವಿದ್ದರೆ 112. ಎರಡಕ್ಕೂ ಹಣ ಬೀಳುವುದಿಲ್ಲ. ನೆಟ್‌ವರ್ಕ್ ಸಿಗದ ಊರಿನವರು ಶಾಲೆಯ ಮುಖ್ಯ ಶಿಕ್ಷಕರ ಅಥವಾ ಪಂಚಾಯಿತಿಯ ಪಿಡಿಒ ಅವರ ಮೂಲಕ ತಿಳಿಸಬಹುದು. ಪ್ರತಿ ಪೊಲೀಸ್ ಠಾಣೆಯಲ್ಲೂ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಒಬ್ಬರು ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಯಾಗಿ ಇರಬೇಕು. ಠಾಣೆಗೆ ಹೋದರೆ ಅವರನ್ನೇ ಕೇಳಿ. ಜಿಲ್ಲಾ ಕೇಂದ್ರ ಶಿವಮೊಗ್ಗದಲ್ಲಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕವೂ ಮಕ್ಕಳ ಕಲ್ಯಾಣ ಸಮಿತಿಯೂ ಇವೆ. ಸಮಿತಿಗೆ ನೀವೇ ಬಿಳಿ ಹಾಳೆಯ ಮೇಲೆ ಅರ್ಜಿ ಬರೆದುಕೊಡಬಹುದು, ವಕೀಲರು ಬೇಕಿಲ್ಲ.

ಫೋನಿನಲ್ಲಿ ಮಾತಾಡುವಾಗ ವಿಳಾಸವನ್ನು ಬಿಡಿಸಿ ಹೇಳಿ. ನಮ್ಮ ಕಡೆ ಗ್ರಾಮದ ಹೆಸರು ಒಂದಿದ್ದರೆ ಮಜರೆಯ ಹೆಸರು ಇನ್ನೊಂದು, ಮನೆಯನ್ನು ಜನ ಕರೆಯುವುದು ಮತ್ತೊಂದು ಹೆಸರಿನಿಂದ. ತಾಲ್ಲೂಕು, ಪಂಚಾಯಿತಿ, ಮಜರೆ, ಬಸ್ ಇಳಿಯುವ ಜಾಗ, ಅಲ್ಲಿಂದ ಜೀಪು ಹೋಗುವುದೋ ನಡೆದೇ ಹೋಗಬೇಕೋ, ಮಳೆಗಾಲದಲ್ಲಿ ಕಾಲುಸಂಕ ದಾಟಬೇಕೋ ಎಂಬುದೆಲ್ಲ ಮುಖ್ಯ. ಶರಾವತಿ ಹಿನ್ನೀರಿನ ಆಚೆಯ ಊರುಗಳಂತೂ ನಕ್ಷೆಯಲ್ಲಿ ಹತ್ತಿರ ಕಂಡು ರಸ್ತೆಯಲ್ಲಿ ದೂರವಾಗುತ್ತವೆ. ಮಗುವಿನ ಅಂದಾಜು ವಯಸ್ಸು, ಈ ಗಳಿಗೆಯಲ್ಲಿ ಯಾರ ಬಳಿ ಇದೆ, ಮನೆಯಲ್ಲಿ ಬೇರೆ ಮಕ್ಕಳಿದ್ದಾರೆಯೇ ಎಂಬುದನ್ನೂ ಹೇಳಿ. ನಿಮ್ಮ ಹೆಸರು ಗುಟ್ಟಾಗಿರಲಿ ಎಂದು ಕೇಳಿಕೊಳ್ಳಬಹುದು.

ಎರಡು ಸಂದರ್ಭಗಳಲ್ಲಿ ತಿಳಿಸುವುದು ನಿಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದವರು ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಅದೇ ಅಪರಾಧ. ತೊರೆದುಹೋದ, ಕಳೆದುಹೋದ ಅಥವಾ ದಿಕ್ಕಿಲ್ಲದ ಮಗು ಸಿಕ್ಕಿದರೆ 24 ಗಂಟೆಯೊಳಗೆ ಸಹಾಯವಾಣಿಗೋ, ಪೊಲೀಸರಿಗೋ, ಸಮಿತಿಗೋ ತಿಳಿಸಬೇಕು. ‘ದೇವರು ಕೊಟ್ಟ ಕೂಸು’ ಎಂದು ಮನೆಯಲ್ಲೇ ಇಟ್ಟುಕೊಂಡು ಸಾಕುವುದು ಎಷ್ಟೇ ಪ್ರೀತಿಯದಾದರೂ ಕಾನೂನಿಗೆ ವಿರುದ್ಧ.

ಗಾಯವಿದ್ದರೆ ತಾಲ್ಲೂಕು ಆಸ್ಪತ್ರೆಗೆ ಅಥವಾ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಮೊದಲು ಕರೆದೊಯ್ಯಿರಿ. ವೈದ್ಯರು ಬರೆದ ಗಾಯದ ದಾಖಲೆ ಎಲ್ಲ ಸಾಕ್ಷಿಗಳಿಗಿಂತ ಗಟ್ಟಿ, ಮತ್ತು ಬಾಸುಂಡೆ ನಾಲ್ಕು ದಿನ ಕಾಯುವುದಿಲ್ಲ.

ತಿಳಿಸಿದ ಮೇಲೆ ಏನಾಗುತ್ತದೆ

ದೂರು ಕೊಟ್ಟ ಕೂಡಲೇ ಮಗುವನ್ನು ಕಿತ್ತುಕೊಂಡು ಹೋಗಿ ಬಾಲಮಂದಿರಕ್ಕೆ ಹಾಕುತ್ತಾರೆ ಎಂಬ ಭಯವೇ ಬಹಳ ಜನರ ಬಾಯಿ ಕಟ್ಟಿಹಾಕಿದೆ. ಬಾಲನ್ಯಾಯ ಕಾಯ್ದೆ ಹೇಳುವುದು ಅದಕ್ಕೆ ತಿರುಗಾಮುರುಗ: ಮಗುವನ್ನು ಸಾಕುವ ಮೊದಲ ಹೊಣೆ ಕುಟುಂಬದ್ದು, ಸಂಸ್ಥೆ ಕೊನೆಯ ದಾರಿ. ರಕ್ಷಣೆ ಬೇಕಾದ ಮಗುವನ್ನು ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು; ಸಮಿತಿ ಅಂದು ಸೇರಿಲ್ಲದಿದ್ದರೆ ಒಬ್ಬ ಸದಸ್ಯರ ಮುಂದಾದರೂ ಆದೀತು. ಸಮಿತಿಯಲ್ಲಿ ಅಧ್ಯಕ್ಷರೂ ನಾಲ್ವರು ಸದಸ್ಯರೂ ಇರುತ್ತಾರೆ, ಅವರಲ್ಲಿ ಒಬ್ಬರಾದರೂ ಮಹಿಳೆ. ಅದಕ್ಕೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಅಧಿಕಾರವಿದ್ದರೂ ನಡೆ ಕೋರ್ಟಿನಂತಲ್ಲ, ಮಗು ಕಟಕಟೆಯಲ್ಲಿ ನಿಲ್ಲುವುದಿಲ್ಲ.

ಮನೆ ಪರಿಸ್ಥಿತಿಯ ಸಾಮಾಜಿಕ ತನಿಖೆ 15 ದಿನದೊಳಗೆ ಮುಗಿಯಬೇಕು. ಆಗ ನಿಮ್ಮ ಮನೆಗೂ ಯಾರಾದರೂ ಬಂದು ಕೇಳಬಹುದು; ಬರೆದಿಟ್ಟುಕೊಂಡ ಚೀಟಿ ಕೆಲಸಕ್ಕೆ ಬರುವುದು ಆಗಲೇ. ತನಿಖೆಯ ಮೇಲೆ ಸಮಿತಿ ಮಗುವನ್ನು ಹೆತ್ತವರಿಗೇ ಒಪ್ಪಿಸಿ ಮೇಲ್ವಿಚಾರಣೆ ಇಡಬಹುದು, ಅಜ್ಜಿಯಂಥ ತಕ್ಕ ವ್ಯಕ್ತಿಯ ಬಳಿ ಬಿಡಬಹುದು, ಹೆತ್ತವರಿಗೆ ಆಪ್ತಸಮಾಲೋಚನೆಗೆ ಸೂಚಿಸಬಹುದು. ಬಡತನವೇ ಮೂಲವಾಗಿದ್ದರೆ ಮಕ್ಕಳ ರಕ್ಷಣೆಯ ಸರ್ಕಾರಿ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ನೆರವು ಸಿಗುತ್ತದೆ. ವಿಧವೆಯ, ತೀವ್ರ ಕಾಯಿಲೆ ಬಿದ್ದವರ, ಜೈಲಿಗೆ ಹೋದವರ ಮಕ್ಕಳಿಗೆ ಇದು ಇದೆ ಎಂಬುದನ್ನು ಊರಿನಲ್ಲಿ ತಿಳಿಸುವುದೇ ಒಂದು ದೊಡ್ಡ ಕೆಲಸ. ಕ್ರಿಮಿನಲ್ ಪ್ರಕರಣ ದಾಖಲಾಗುವುದು ಬೇರೆ ಹಾದಿ. ಅದು ಪೊಲೀಸರ ಮತ್ತು ಕೋರ್ಟಿನದ್ದು; ಬಾಲನ್ಯಾಯ ಕಾಯ್ದೆಯಡಿಯ ಅಪರಾಧಗಳ ವಿಚಾರಣೆ ಮಕ್ಕಳ ನ್ಯಾಯಾಲಯದಲ್ಲಿ ನಡೆಯುತ್ತದೆ.

ಸಮಿತಿಯ ಆದೇಶ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಮಕ್ಕಳ ನ್ಯಾಯಾಲಯಕ್ಕೆ ಮೇಲ್ಮನವಿ ಹೋಗಬಹುದು. ಪ್ರಾಯೋಜಕತ್ವ ಮತ್ತು ಪೋಷಕತ್ವದ (ಮಗುವನ್ನು ಬೇರೆ ಕುಟುಂಬದಲ್ಲಿ ಇಟ್ಟು ಸಾಕುವ) ವಿಷಯವಾದರೆ ಜಿಲ್ಲಾಧಿಕಾರಿಗೆ. ಹೆಂಗಸರಿಗೂ ಮಕ್ಕಳಿಗೂ ಆದಾಯ ನೋಡದೆ ಉಚಿತ ಕಾನೂನು ನೆರವು ಕೊಡುವುದು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಹೊಣೆ, ಸಹಾಯವಾಣಿ 15100.

ನೀವೇ ಆ ತಂದೆ ಅಥವಾ ತಾಯಿಯಾಗಿದ್ದರೆ

ಸಿಟ್ಟು ಏರಿದಾಗ ಮಗುವನ್ನು ಸುರಕ್ಷಿತ ಜಾಗದಲ್ಲಿ ಬಿಟ್ಟು ನೀವು ಅಂಗಳಕ್ಕೆ ಹೋಗಿ. ಅಳುವ ಕೂಸು ತೊಟ್ಟಿಲಲ್ಲಿ ಹತ್ತು ನಿಮಿಷ ಅತ್ತರೆ ಏನೂ ಆಗುವುದಿಲ್ಲ. ಹೊಡೆದ ಮೇಲೆ ನಿಮಗೇ ಹೆದರಿಕೆ ಆಗುತ್ತಿದ್ದರೆ, ಹೆರಿಗೆಯಾದ ಮೇಲೆ ಕೂಸಿನ ಮುಖ ನೋಡಲೂ ಬೇಡವೆನಿಸುತ್ತಿದ್ದರೆ, ಕುಡಿತ ಬಿಡಲಾಗುತ್ತಿಲ್ಲವಾದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿ. ಹಗಲುರಾತ್ರಿ, ಕನ್ನಡದಲ್ಲೇ ಮಾತಾಡಬಹುದು. ಗಂಡನ ಏಟು ನಿಮಗೂ ಮಗುವಿಗೂ ಬೀಳುತ್ತಿದ್ದರೆ ಮಹಿಳಾ ಸಹಾಯವಾಣಿ 181 ಇದೆ. ಅವನು ಹೊಡೆಯುವುದನ್ನು ತಡೆಯಲಾಗದ ತಾಯಿಯನ್ನು ಊರು ‘ನೀನೂ ಸುಮ್ಮನಿದ್ದೆ’ ಎಂದು ದೂಷಿಸುವುದು ಸುಲಭ. ನೀವು ಮೊದಲು ಹೋಗಿ ತಿಳಿಸಿದರೆ ಆ ದೂಷಣೆಗೆ ಉತ್ತರ ದಾಖಲೆಯಲ್ಲೇ ಇರುತ್ತದೆ.

ಮಗುವನ್ನು ಸಾಕಲು ನಿಜವಾಗಿಯೂ ಆಗದ ಪರಿಸ್ಥಿತಿ ಬಂದರೆ ಅದನ್ನು ಬಸ್ ಸ್ಟ್ಯಾಂಡಿನಲ್ಲೋ ದೇವಸ್ಥಾನದ ಜಗಲಿಯ ಮೇಲೋ ಬಿಟ್ಟುಬರುವುದು ಅಪರಾಧ. ಆದರೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಗಿ ಒಪ್ಪಿಸುವುದು ಬಾಲನ್ಯಾಯ ಕಾಯ್ದೆಯ 35ನೇ ಕಲಂ ತೆರೆದಿಟ್ಟಿರುವ ದಾರಿ. ಸಮಿತಿ ವಿಚಾರಿಸುತ್ತದೆ, ಆಪ್ತಸಮಾಲೋಚನೆ ಮಾಡುತ್ತದೆ, ಒಪ್ಪಂದಪತ್ರಕ್ಕೆ ಸಹಿ ಹಾಕಿಸಿಕೊಂಡ ಮೇಲೂ ಮನಸ್ಸು ಬದಲಿಸಲು ಎರಡು ತಿಂಗಳ ಕಾಲಾವಕಾಶ ಕೊಡುತ್ತದೆ. ಆ ಎರಡು ತಿಂಗಳಲ್ಲಿ ಮಗುವನ್ನು ವಾಪಸು ಕೇಳಬಹುದು. ಹೋಗುವಾಗ ಮಗುವಿನ ಜನನ ಪ್ರಮಾಣಪತ್ರ ಅಥವಾ ತಾಯಿ ಕಾರ್ಡ್, ಲಸಿಕೆಯ ಚೀಟಿ, ನಿಮ್ಮ ಗುರುತಿನ ಚೀಟಿ ಇಟ್ಟುಕೊಳ್ಳಿ; ಯಾವುದೂ ಇಲ್ಲದಿದ್ದರೂ ಬಾಗಿಲಿನಿಂದ ವಾಪಸು ಬರಬೇಡಿ, ದಾಖಲೆ ಹೊಂದಿಸುವುದು ಮಕ್ಕಳ ರಕ್ಷಣಾ ಘಟಕದ ನೆರವಿನಿಂದ ಆಮೇಲೂ ಆಗುತ್ತದೆ.